ಎರಡು ಅಡಿಯಿಂದ ನಾಲ್ಕು ಅಡಿಗೆ: ರೀಫ್ ಟ್ಯಾಂಕ್ ದೊಡ್ಡದು ಮಾಡುವುದು ಹೇಗೆ? (ಪ್ರಶ್ನೋತ್ತರ)

ಪ್ರಶ್ನೆ, ಬೆಂಗಳೂರಿನ ಸದಸ್ಯರು:

ನಮಸ್ಕಾರ. ಮನೆಯಲ್ಲಿ ಎರಡು ಅಡಿ ಉದ್ದದ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಇದೆ. ಸುಮಾರು 120 ಲೀಟರ್. ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು, ಕ್ಲೀನರ್ ಸೀಗಡಿ, ಲೆದರ್, ಮಶ್ರೂಮ್, ಜೋವಾ ಎಂಬ ಮೆದು ಹವಳಗಳು ಮತ್ತು ಟಾರ್ಚ್ ಎಂಬ ಒಂದು ಗಟ್ಟಿ ಹವಳ ಇವೆ. ಎಲ್ಲ ಚೆನ್ನಾಗಿ ಬೆಳೆದು ಈಗ ಜಾಗ ಸಾಲುತ್ತಿಲ್ಲ. ಲೆದರ್ ದೊಡ್ಡದಾಗಿ ಜೋವಾಗಳಿಗೆ ಬೆಳಕೇ ಬೀಳುತ್ತಿಲ್ಲ. 4×2×2 ಅಡಿಯ ಟ್ಯಾಂಕ್ ಮಾಡಿಸಬೇಕು ಅಂದುಕೊಂಡಿದ್ದೇನೆ, ಕೆಳಗೆ ಸಂಪ್ (ನೀರು ಸೋಸುವ ಸಣ್ಣ ಟ್ಯಾಂಕ್) ಸಮೇತ. ನಮ್ಮದು ಎರಡನೇ ಮಹಡಿಯ ಫ್ಲ್ಯಾಟ್. ಹಾಲ್‌ನಲ್ಲಿ ಬೇರೆ ಜಾಗ ಇಲ್ಲ, ಹಾಗಾಗಿ ಹಳೇ ಟ್ಯಾಂಕ್ ತೆಗೆದ ಜಾಗದಲ್ಲೇ ಹೊಸದು ಕೂರಬೇಕು. ಹೊಸ ಟ್ಯಾಂಕ್ ಸೈಕಲ್ ಆಗಲು (ಹೊಲಸು ಕರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು) ಮತ್ತೆ ತಿಂಗಳುಗಟ್ಟಲೆ ಕಾಯಬೇಕಾ? ಹಳೇ ನೀರು, ಹಳೇ ಮರಳು ಹಾಕಿದರೆ ಸಾಕಾ? ಒಂದೇ ದಿನದಲ್ಲಿ ಮುಗಿಸಬಹುದಾ?

ಉತ್ತರ, ಸಮುದ್ರ ಅಕ್ವೇರಿಯಂ ನಿರ್ವಹಣೆ ಮಾಡುವವರು:

ಒಂದೇ ದಿನದಲ್ಲಿ ಮುಗಿಸಬಹುದು. ಆದರೆ ಆ ದಿನದ ಹಿಂದೆ ಎರಡು-ಮೂರು ವಾರದ ತಯಾರಿ ಇರಬೇಕು.

ಮೊದಲು ತೂಕದ ವಿಷಯ. ಹವಳಕ್ಕಿಂತ ಮುಂಚೆ ನಿಮ್ಮ ಮನೆ ಮತ್ತು ಕೆಳಗಿನ ಮನೆಯವರ ಯೋಚನೆ ಮಾಡಬೇಕು. 4×2×2 ಅಡಿ ಅಂದರೆ ಲೆಕ್ಕಕ್ಕೆ ಸುಮಾರು 450 ಲೀಟರ್. ಕಲ್ಲು, ಮರಳು ಕಳೆದು, ಸಂಪ್‌ನ ನೀರು ಸೇರಿಸಿದರೆ ಹೆಚ್ಚುಕಡಿಮೆ ಅಷ್ಟೇ ನೀರು ನಿಲ್ಲುತ್ತದೆ. 12 ಎಂಎಂ ಗಾಜಿನದೇ 85 ಕೆಜಿ ಆಗುತ್ತದೆ. ಸ್ಟ್ಯಾಂಡ್, ಕಲ್ಲು, ಮರಳು ಎಲ್ಲ ಸೇರಿ 600 ಕೆಜಿ ಹತ್ತಿರ ಹೋಗುತ್ತದೆ. ಇಷ್ಟೂ ಭಾರ ಕೂರುವುದು ಮುಕ್ಕಾಲು ಚದರ ಮೀಟರ್‌ಗಿಂತ ಕಡಿಮೆ ಜಾಗದ ಮೇಲೆ. ನಮ್ಮಲ್ಲಿ ವಾಸದ ಕೋಣೆಗಳ ನೆಲಕ್ಕೆ ಸಾಮಾನ್ಯವಾಗಿ ಚದರ ಮೀಟರ್‌ಗೆ 200 ಕೆಜಿ ಲೆಕ್ಕ ಹಿಡಿದು ವಿನ್ಯಾಸ ಮಾಡುತ್ತಾರೆ. ಆ ಲೆಕ್ಕ ಇಡೀ ಕೋಣೆಗೆ ಹರಡಿದ ಭಾರದ್ದು. ಹಾಗಾಗಿ ದೊಡ್ಡ ಟ್ಯಾಂಕ್ ಇಟ್ಟ ತಕ್ಷಣ ನೆಲ ಕುಸಿಯುತ್ತದೆ ಅಂತ ಅರ್ಥವಲ್ಲ. ಆದರೆ ಕೋಣೆಯ ನಡುವೆ ಇಡಲೇಬೇಡಿ. ಕೆಳಗೆ ಬೀಮ್ ಇರುವ ಗೋಡೆಗೆ ಒತ್ತಿ, ಉದ್ದದ ಬದಿ ಗೋಡೆಗೆ ಬರುವಂತೆ ಇಡಿ. ಕಟ್ಟಡದ ನಕ್ಷೆ ತೋರಿಸಿ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಒಮ್ಮೆ ಕೇಳಿ. ಅವರು ಬೇಡ ಅಂದರೆ ಟ್ಯಾಂಕ್ ಚಿಕ್ಕದು ಮಾಡಿಸಿ. ಇದರಲ್ಲಿ ಚೌಕಾಸಿ ಬೇಡ.

ಈಗ ಸೈಕಲ್. ಮೀನಿನ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡು ಇರುವುದಿಲ್ಲ. ಕಲ್ಲಿನ ಮೇಲೆ, ಅದರ ರಂಧ್ರಗಳ ಒಳಗೆ ಅಂಟಿಕೊಂಡಿರುತ್ತದೆ. ನಿಮ್ಮ ಹಳೇ ಲೈವ್ ರಾಕ್, ಅಂದರೆ ಬ್ಯಾಕ್ಟೀರಿಯಾ ತುಂಬಿದ ಆ ಕಲ್ಲು, ಹೊಸ ಗಾಜಿನೊಳಗೆ ಹೋದರೆ ಸೈಕಲ್ ಕೂಡ ಅದರ ಜೊತೆಗೇ ಹೋಯಿತು. ಮೀನು ಅಷ್ಟೇ, ಹವಳ ಅಷ್ಟೇ, ಕಲ್ಲು ಅಷ್ಟೇ. ದೊಡ್ಡದಾಗಿದ್ದು ಗಾಜು ಮತ್ತು ನೀರು ಮಾತ್ರ. ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಕಲ್ಲು ಮಾತ್ರ ಒಣಗಬಾರದು. ಟಬ್‌ನಲ್ಲಿ ಉಪ್ಪುನೀರಿನೊಳಗೆ ಮುಳುಗಿರಲಿ, ಒಂದು ಸಣ್ಣ ಪಂಪ್ ಓಡುತ್ತಿರಲಿ.

ಹಳೇ ಮರಳು ಬೇಡ. ಮರಳಿನ ತಳದಲ್ಲಿ ಕಸ, ಮೀನಿನ ಹೇಲು, ಕೊಳೆತ ಆಹಾರ ತುಂಬಿರುತ್ತದೆ. ಆಮ್ಲಜನಕ ಇಲ್ಲದ ಪದರದಲ್ಲಿ ಹೈಡ್ರೋಜನ್ ಸಲ್ಫೈಡ್ ಇರಬಹುದು. ಹಳೇ ಟ್ಯಾಂಕ್‌ನಲ್ಲಿ ಅದು ಅಲ್ಲಾಡದೆ ಕೂತಿರುವವರೆಗೆ ತೊಂದರೆ ಕೊಡುವುದಿಲ್ಲ. ಎತ್ತಿ ಸುರಿದರೆ ಎಲ್ಲ ಒಟ್ಟಿಗೆ ನೀರಿಗೆ ಬರುತ್ತದೆ. ಟ್ಯಾಂಕ್ ಬದಲಿಸಿದ ಮೂರನೇ ದಿನಕ್ಕೆ ಮೀನು ಸತ್ತವು ಅಂತ ನನಗೆ ಬರುವ ಕರೆಗಳಲ್ಲಿ ಜಾಸ್ತಿ ಪಾಲು ಇದರಿಂದಲೇ. ಹೊಸ ಅರಗೊನೈಟ್ (ಸುಣ್ಣದ) ಮರಳು ತನ್ನಿ, ಚೆನ್ನಾಗಿ ತೊಳೆದು ಹಾಕಿ. ಹಳೇದೇ ಬೇಕು ಅಂದರೆ ನಲ್ಲಿ ನೀರಿನಲ್ಲಿ ಪೂರ್ತಿ ತಿಳಿಯಾಗುವವರೆಗೆ ತೊಳೆದು, ಕೊನೆಗೆ ಆರ್‌ಓ-ಡಿಐ (ಖನಿಜ ಪೂರ್ತಿ ತೆಗೆದ) ನೀರಿನಲ್ಲಿ ಒಮ್ಮೆ ಜಾಲಾಡಿಸಿ. ಅದರಲ್ಲಿದ್ದ ಬ್ಯಾಕ್ಟೀರಿಯಾ ಸತ್ತರೂ ಚಿಂತೆಯಿಲ್ಲ, ಕಲ್ಲಿನಲ್ಲಿ ಬೇಕಾದಷ್ಟಿದೆ.

ಹಳೇ ನೀರು ಬ್ಯಾಕ್ಟೀರಿಯಾಗಾಗಿ ಅಲ್ಲ, ಹೊಂದಾಣಿಕೆಗಾಗಿ ಉಪಯೋಗಕ್ಕೆ ಬರುತ್ತದೆ. ನಿಮ್ಮದರಲ್ಲಿ ತಿಳಿ ನೀರು 90-100 ಲೀಟರ್ ಸಿಗಬಹುದು. ಉಳಿದ 300 ಲೀಟರ್‌ಗೂ ಜಾಸ್ತಿ ನೀರನ್ನು ಹೊಸದಾಗಿ ಮಾಡಬೇಕು. ಇಲ್ಲೇ ಜನ ಎಡವುವುದು. ಅಡುಗೆಮನೆಯ ವಾಟರ್ ಪ್ಯೂರಿಫೈಯರ್ ನೀರು ತೆಗೆದುಕೊಳ್ಳಬೇಡಿ. ಅವುಗಳಲ್ಲಿ ಬಹಳಷ್ಟು ರುಚಿಗಾಗಿ ಖನಿಜ ಮತ್ತೆ ಸೇರಿಸುತ್ತವೆ, ಕೆಲವು ತಾಮ್ರವನ್ನೂ ಸೇರಿಸುತ್ತವೆ. ತಾಮ್ರ ಸೀಗಡಿಗೂ ಹವಳಕ್ಕೂ ವಿಷ. ಟಿಡಿಎಸ್ (ನೀರಿನಲ್ಲಿ ಕರಗಿದ ಖನಿಜದ ಅಳತೆ) ಸೊನ್ನೆ ತೋರಿಸುವ ಆರ್‌ಓ-ಡಿಐ ಘಟಕವೇ ಬೇಕು. 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಅಂತ ಬರೆದಿರುವ ಮೆಂಬ್ರೇನ್ ದಿನಕ್ಕೆ 280 ಲೀಟರ್ ಕೊಡುತ್ತದೆ ಎನ್ನುವುದು ಒಳ್ಳೆಯ ಒತ್ತಡದಲ್ಲಿ ಮಾತ್ರ. ಓವರ್‌ಹೆಡ್ ಟ್ಯಾಂಕಿನಿಂದ ಬರುವ ನೀರಿಗೆ ಬೂಸ್ಟರ್ ಪಂಪ್ ಇಲ್ಲದಿದ್ದರೆ ಅದರ ಅರ್ಧವೂ ಕಷ್ಟ. ಬೋರ್‌ವೆಲ್ ನೀರಾದರೆ ಉಳಿದ ಖನಿಜ ಹೀರುವ ಡಿಐ ರೆಸಿನ್ ಬೇಗ ಮುಗಿಯುತ್ತದೆ. ಹಾಗಾಗಿ ಒಂದು ವಾರ ಮುಂಚೆಯೇ ಆಹಾರಕ್ಕೆ ಬಳಸುವ ದರ್ಜೆಯ ಡ್ರಮ್‌ಗಳಲ್ಲಿ ನೀರು ಹಿಡಿಯಲು ಶುರು ಮಾಡಿ. ಹೊರಗೆ ಹೋಗುವ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ, ಅದು ಸಿಕ್ಕಾಪಟ್ಟೆ ಬರುತ್ತದೆ. 300 ಲೀಟರ್‌ಗೆ ಸುಮಾರು 11 ಕೆಜಿ ರೀಫ್ ಉಪ್ಪು (ಅಕ್ವೇರಿಯಂಗೆಂದೇ ಸಿಗುವ ಸಮುದ್ರದ ಉಪ್ಪು) ಬೇಕಾಗುತ್ತದೆ.

ಉಪ್ಪು ಕರಗಿಸಿ, ಪಂಪ್ ಹಾಕಿ ಒಂದು ದಿನ ತಿರುಗಲು ಬಿಡಿ. ಆಮೇಲೆ ಅಳೆಯಿರಿ. ಸ್ಯಾಲಿನಿಟಿ (ಉಪ್ಪಿನಂಶ) 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಭಾಗ, ಉಷ್ಣಾಂಶ 25-26 ಡಿಗ್ರಿ ಎಂಬುದನ್ನು ಎಲ್ಲರೂ ನೋಡುತ್ತಾರೆ. ಆಲ್ಕಲಿನಿಟಿ (ನೀರಿನ ಕ್ಷಾರ ಗುಣ, ಡಿಕೆಎಚ್‌ನಲ್ಲಿ ಅಳೆಯುತ್ತಾರೆ) ನೋಡುವವರು ಕಡಿಮೆ. ಹಳೇ ಟ್ಯಾಂಕ್ 7.5 ಡಿಕೆಎಚ್‌ನಲ್ಲಿ ನಡೆಯುತ್ತಿದೆ ಅಂದುಕೊಳ್ಳಿ. ಕೆಲವು ರೀಫ್ ಉಪ್ಪುಗಳು 11-12 ಡಿಕೆಎಚ್ ಕೊಡುತ್ತವೆ. ಒಂದೇ ದಿನ ಅಷ್ಟು ಏರಿದರೆ ನಿಮ್ಮ ಟಾರ್ಚ್ ಹವಳದ ಮಾಂಸ ಮೂಳೆಯಿಂದ ಕಳಚಿಕೊಳ್ಳಬಹುದು. ಹಳೇ ಟ್ಯಾಂಕಿಗೆ ಹತ್ತಿರದ ಅಂಕಿ ಕೊಡುವ ಉಪ್ಪನ್ನು ಆರಿಸಿ. ಅಥವಾ ಹೊಸ ಉಪ್ಪಿನಿಂದ ಕೆಲವು ವಾರ ಹಳೇ ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಬನ್ನಿ. ಸ್ಥಳಾಂತರದ ದಿನಕ್ಕೆ ಎರಡೂ ನೀರು ಒಂದೇ ಆಗಿರುತ್ತದೆ.

ಆ ದಿನದ ಕೆಲಸ ಹೀಗೆ. ಹೊಸ ಟ್ಯಾಂಕನ್ನು ಮುಂಚೆಯೇ ಪಾರ್ಕಿಂಗ್‌ನಲ್ಲಿ ಸಿಹಿನೀರು ತುಂಬಿ ಎರಡು ದಿನ ಇಟ್ಟು, ಸೋರಿಕೆ ಇಲ್ಲ ಎಂದು ಖಚಿತ ಮಾಡಿಕೊಂಡಿರಬೇಕು. ಬೆಳಿಗ್ಗೆ ಬೇಗ ಶುರು ಮಾಡಿ. ಮೊದಲು ತಿಳಿ ನೀರನ್ನು ಟಬ್‌ಗಳಿಗೆ ತೆಗೆಯಿರಿ. ಹವಳ ಒಂದು ಟಬ್, ಕಲ್ಲು ಇನ್ನೊಂದು. ಲೆದರ್ ಮತ್ತು ಟಾರ್ಚ್ ಒಂದಕ್ಕೊಂದು ತಾಗದಿರಲಿ. ಮೀನು ಕೊನೆಗೆ. ಕಲ್ಲು ತೆಗೆದ ಮೇಲೆ ಅಡಗಲು ಜಾಗ ಇರುವುದಿಲ್ಲ, ಸುಲಭವಾಗಿ ಸಿಗುತ್ತವೆ. ಮೀನಿನ ಟಬ್‌ಗೆ ಏರ್ ಪಂಪ್, ಮುಚ್ಚಳ ಎರಡೂ ಬೇಕು, ಗೋಬಿ ಖಂಡಿತ ಹಾರುತ್ತದೆ. ಹೊಸ ಟ್ಯಾಂಕ್ ಮಟ್ಟಸವಾಗಿ ಕೂತ ಮೇಲೆ ಮೊದಲು ಕಲ್ಲು, ನೇರವಾಗಿ ತಳದ ಗಾಜಿನ ಮೇಲೆ. ಅದರ ಸುತ್ತ ಮರಳು. ಮರಳಿನ ಮೇಲೆ ಕಲ್ಲು ಇಟ್ಟರೆ ನಾಳೆ ಗೋಬಿ ಕೊರೆದಾಗ ಕಲ್ಲು ಉರುಳುತ್ತದೆ. ಆಮೇಲೆ ನೀರು, ಪಂಪ್, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್. ನೀರು ಸ್ವಲ್ಪ ತಿಳಿಯಾದ ಮೇಲೆ ಹವಳ, ಕೊನೆಗೆ ಮೀನು. ಅಂದು ರಾತ್ರಿ ದೀಪ ಬೇಡ, ಆಹಾರವೂ ಬೇಡ.

ಮುಂದಿನ ಒಂದು ವಾರ ದಿನಾ ಅಮೋನಿಯಾ ಅಳೆಯಿರಿ. ಪಿಎಚ್ 8ರ ಮೇಲಿರುವ ನೀರಿನಲ್ಲಿ ಅದರ ವಿಷ ಜಾಸ್ತಿ. ಸ್ವಲ್ಪ ಕಂಡರೂ ನೀರು ಬದಲಿಸಲು ಒಂದು ಡ್ರಮ್ ಉಪ್ಪುನೀರು ಸಿದ್ಧ ಇರಲಿ. ಹೊಸ ಲೈಟ್ ಹಾಕುತ್ತಿದ್ದರೆ ಅರ್ಧ ಶಕ್ತಿಯಿಂದ ಶುರು ಮಾಡಿ ಮೂರು-ನಾಲ್ಕು ವಾರದಲ್ಲಿ ಏರಿಸಿ.

ಒಂದು ಮಾತು ಟಾರ್ಚ್ ಬಗ್ಗೆ. ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, 2001ರಿಂದ. ನಿಮ್ಮದು ಎಲ್ಲಿಂದ ಬಂತು, ಆಮದಿನ ಕಾಗದ ಇದೆಯಾ ಎಂದು ಅಂಗಡಿಯಲ್ಲಿ ಕೇಳಿ, ಅರಣ್ಯ ಇಲಾಖೆಯಲ್ಲೂ ವಿಚಾರಿಸಿ. ದೊಡ್ಡ ಟ್ಯಾಂಕ್ ಬಂತು ಅಂತ ಕಾಗದವಿಲ್ಲದ ಹವಳ ತುಂಬಬೇಡಿ. ಜೋವಾ, ಮಶ್ರೂಮ್, ಲೆದರ್‌ಗಳಿಂದಲೇ ನಾಲ್ಕು ಅಡಿ ಟ್ಯಾಂಕ್ ತುಂಬಾ ಚೆನ್ನಾಗಿ ಕಾಣುತ್ತದೆ.

ಮೈಸೂರಿನ ಸದಸ್ಯರು: ನಾನು ಈಗಾಗಲೇ ಬದಲಿಸಿದ್ದೇನೆ. ನೀರು ಮೂರೂವರೆ ಪಟ್ಟು ಆಯಿತು. ದಿನಾ ಹಾಕುವ ಕ್ಯಾಲ್ಸಿಯಂ, ಆಲ್ಕಲಿನಿಟಿ ದ್ರಾವಣದ ಪ್ರಮಾಣ (ಡೋಸಿಂಗ್) ಕೂಡ ಮೂರೂವರೆ ಪಟ್ಟು ಮಾಡಬೇಕಲ್ವಾ?

ಉತ್ತರ: ಬೇಡ! ಕ್ಯಾಲ್ಸಿಯಂ ತಿನ್ನುವುದು ಹವಳ, ನೀರಲ್ಲ. ನಿನ್ನೆ ಇದ್ದ ಹವಳವೇ ಇಂದೂ ಇದೆ. ದಿನಕ್ಕೆ 10 ಎಂಎಲ್ ಹಾಕುತ್ತಿದ್ದರೆ 10 ಎಂಎಲ್ಲೇ ಮುಂದುವರಿಸಿ. 35 ಹಾಕಿದರೆ ಆಲ್ಕಲಿನಿಟಿ ದಿನದಿಂದ ದಿನಕ್ಕೆ ಏರುತ್ತಾ ಹೋಗುತ್ತದೆ. ನಿಧಾನವಾಗಿ ಏರುವುದರಿಂದ ಬೇಗ ಗೊತ್ತೂ ಆಗುವುದಿಲ್ಲ. ಎರಡು ದಿನಕ್ಕೊಮ್ಮೆ ಅಳೆದು, ನಿಜವಾಗಿ ಇಳಿಯುತ್ತಿದ್ದರೆ ಮಾತ್ರ ಹೆಚ್ಚಿಸಿ. ಮುಂದೆ ಹೊಸ ಗಾಜಿನ ಮೇಲೆ ಗುಲಾಬಿ-ನೇರಳೆ ಕೊರಲೈನ್ ಪಾಚಿ ಹರಡಿದಾಗ ಬೇಡಿಕೆ ಏರುತ್ತದೆ. ಆಹಾರಕ್ಕೂ ಇದೇ ಲೆಕ್ಕ, ಮೀನು ಎಷ್ಟೋ ಅಷ್ಟು. ಆದರೆ ಔಷಧಿ, ಉಪ್ಪಿನಂಥವಕ್ಕೆ ನೀರಿನ ಪ್ರಮಾಣವೇ ಲೆಕ್ಕ.

ಭಟ್ಕಳದ ಸದಸ್ಯರು: ದೊಡ್ಡ ಟ್ಯಾಂಕಿಗೆ ಕಲ್ಲು ಜಾಸ್ತಿ ಬೇಕು. ಸಮುದ್ರ ನಮ್ಮ ಮನೆ ಹತ್ತಿರವೇ. ಅಲ್ಲಿಂದಲೇ ಕಲ್ಲು, ನೀರು ತಂದರೆ ಆಗಲ್ವಾ?

ಉತ್ತರ: ದಯವಿಟ್ಟು ಕಲ್ಲು ತರಬೇಡಿ. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ನಮ್ಮ ಕರಾವಳಿಯಲ್ಲಿ ಅಂಥ ಜಾಗ ಬಹಳ ಕಡಿಮೆ. ಅಲ್ಲಿಂದ ಹವಳ ಕೀಳುವುದು ಅಪರಾಧ. ಹವಳದಷ್ಟೇ ಅಲ್ಲ, ಸೀ ಫ್ಯಾನ್, ಕಡಲಕುದುರೆ, ಸಮುದ್ರ ಸೌತೆಗೂ ಅದೇ ಕಾಯ್ದೆಯ ರಕ್ಷಣೆ ಇದೆ. ಕಲ್ಲು ಬೇಕಿದ್ದರೆ ಒಣ ಕಲ್ಲು ಕೊಂಡು, ಉಪ್ಪುನೀರಿನ ಡ್ರಮ್‌ನಲ್ಲಿ ಕತ್ತಲಲ್ಲಿ ಒಂದೆರಡು ತಿಂಗಳು ಇಡಿ, ಹಳೇ ಕಲ್ಲಿನ ಒಂದು ತುಂಡು ಜೊತೆಗೆ ಹಾಕಿ. ಇನ್ನು ದಡದ ನೀರು ಮಳೆಗಾಲದಲ್ಲಿ ಬಹಳ ಸಪ್ಪೆಯಾಗುತ್ತದೆ, ಹೊಳೆಗಳು ತಂದ ಮಣ್ಣು, ಗೊಬ್ಬರ, ಕೊಳಚೆ ಸೇರಿರುತ್ತದೆ. ನನ್ನ ಗ್ರಾಹಕರ ಯಾರ ಟ್ಯಾಂಕಿಗೂ ನಾನು ಅದನ್ನು ಹಾಕುವುದಿಲ್ಲ.

ಇನ್ನೊಬ್ಬ ಸದಸ್ಯರು: ಹಳೇ ಕಲ್ಲಿನ ತುಂಬ ಐಪ್ಟೇಸಿಯಾ (ಕಳೆಯಂತೆ ಹರಡುವ ಸೀ ಅನಿಮೋನ್) ಇದೆ. ಬೇಡದ ಜೋವಾಗಳೂ ಇವೆ. ಬದಲಿಸುವ ಮುಂಚೆ ಕಲ್ಲನ್ನು ಕುದಿಸಿ ಸ್ವಚ್ಛ ಮಾಡಬಹುದಾ?

ಉತ್ತರ: ಯಾವ ಕಾರಣಕ್ಕೂ ಕುದಿಸಬೇಡಿ. ಕೆಲವು ಜೋವಾಗಳಲ್ಲಿ, ಅದರಲ್ಲೂ ಪ್ಯಾಲಿಥೋವಾದಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಅತಿ ಘೋರ ವಿಷ ಇರುತ್ತದೆ. ಬಿಸಿಗೆ ಅದು ಸುಲಭವಾಗಿ ನಾಶವಾಗುವುದಿಲ್ಲ. ಕುದಿಸಿದ ಕಲ್ಲಿನ ಹಬೆ ಉಸಿರಿಗೆ ಹೋಗಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ವರದಿಯಾಗಿವೆ. ಬ್ರಷ್‌ನಿಂದ ಉಜ್ಜುವುದು, ಒತ್ತಡದ ನೀರು ಹಾಯಿಸುವುದು ಕೂಡ ಬೇಡ, ಹನಿ ಕಣ್ಣಿಗೆ ಹಾರುತ್ತದೆ. ಕಲ್ಲು ಮುಟ್ಟುವಾಗ ಕೈಗವಸು, ಕನ್ನಡಕ ಹಾಕಿ. ಮಕ್ಕಳನ್ನು, ನಾಯಿ-ಬೆಕ್ಕನ್ನು ಆ ಕೋಣೆಯಿಂದ ದೂರ ಇಡಿ. ಕಲ್ಲು ಮುಟ್ಟಿದ ಮೇಲೆ ಜ್ವರ, ನಡುಕ, ಉಸಿರಾಟದ ತೊಂದರೆ ಶುರುವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಪ್ಯಾಲಿಟಾಕ್ಸಿನ್ ಎಂಬ ಹೆಸರನ್ನೇ ವೈದ್ಯರಿಗೆ ಹೇಳಿ. ಐಪ್ಟೇಸಿಯಾಕ್ಕೆ ಪೆಪ್ಪರ್‌ಮಿಂಟ್ ಸೀಗಡಿ ಬಿಡಿ. ತೀರಾ ತುಂಬಿದ್ದ ಒಂದೆರಡು ಕಲ್ಲನ್ನು ಹೊಸ ಟ್ಯಾಂಕಿಗೆ ಹಾಕದೇ ಇರುವುದು ಒಳ್ಳೆಯದು.

ಹುಬ್ಬಳ್ಳಿಯ ಸದಸ್ಯರು: ಕರೆಂಟ್ ಹೋದಾಗ ಸಂಪ್ ತುಂಬಿ ಮನೆಯೆಲ್ಲ ನೀರಾಗುತ್ತದೆ ಅಂತ ಹೆದರಿಕೆ. ಇನ್ವರ್ಟರ್‌ಗೆ ಎಲ್ಲವನ್ನೂ ಹಾಕಬೇಕಾ?

ಉತ್ತರ: ನಾಲ್ಕು ಬೈ ಎರಡು ಅಡಿ ಟ್ಯಾಂಕಿನಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ 7 ಲೀಟರ್ ಕೆಳಗೆ ಬರುತ್ತದೆ. ಮೂರು ಸೆಂಟಿಮೀಟರ್ ಇಳಿದರೆ 21. ಪೈಪ್‌ನಲ್ಲಿದ್ದದ್ದೂ ಸೇರುತ್ತದೆ. ಅಷ್ಟು ಖಾಲಿ ಜಾಗ ಸಂಪ್‌ನಲ್ಲಿ ಸದಾ ಇರಬೇಕು. ಸಂಪ್‌ನಿಂದ ನೀರು ಮೇಲಕ್ಕೆ ತರುವ ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಆಳಕ್ಕೆ ಹೋಗದಿರಲಿ, ಇಲ್ಲದಿದ್ದರೆ ಸೈಫನ್ ಆಗಿ ಅಲ್ಲಿಯವರೆಗೂ ನೀರು ವಾಪಸ್ ಬರುತ್ತದೆ. ಮೀನು ಹಾಕುವ ಮುಂಚೆಯೇ ಸ್ವಿಚ್ ಆರಿಸಿ ನೋಡಿ, ಮೂರ್ನಾಲ್ಕು ಸಲ.

ಇನ್ವರ್ಟರ್‌ಗೆ ವೇವ್‌ಮೇಕರ್ (ನೀರು ಕಲಕುವ ಪಂಪ್) ಒಂದು ಸಾಕು. ಕರೆಂಟ್ ಹೋದಾಗ ಮೊದಲು ಕೊಲ್ಲುವುದು ಆಮ್ಲಜನಕದ ಕೊರತೆ. 20 ವ್ಯಾಟ್‌ನ ವೇವ್‌ಮೇಕರ್ ನೀರಿನ ಮೇಲ್ಮೈ ಕಲಕುತ್ತಿದ್ದರೆ ಮನೆಯ ಸಾಮಾನ್ಯ ಬ್ಯಾಟರಿಯಲ್ಲಿ ಇಡೀ ರಾತ್ರಿ ನಡೆಯುತ್ತದೆ. ನೀರು ತಂಪು ಮಾಡುವ ಚಿಲ್ಲರ್ ಹಾಕಿದರೆ ಕೆಲವೇ ಗಂಟೆಯಲ್ಲಿ ಬ್ಯಾಟರಿ ಖಾಲಿ. ಸೈನ್ ವೇವ್ ಇನ್ವರ್ಟರ್ ಇರಲಿ, ಚೌಕ ತರಂಗದ್ದಾದರೆ ಎಸಿ ಪಂಪ್ ಬಿಸಿಯಾಗಿ ಗುಂಯ್‌ಗುಡುತ್ತದೆ.

ಬೆಂಗಳೂರಿನ ಸದಸ್ಯರು: ತುಂಬಾ ಉಪಕಾರವಾಯಿತು. ಕೊನೆಯ ಪ್ರಶ್ನೆ. ಹೊಸ ಟ್ಯಾಂಕಿಗೆ ನೀಲಿ ಟ್ಯಾಂಗ್ ಮೀನು ಬಿಡಬೇಕು ಅಂತ ಮಗಳ ಆಸೆ. ಹಳೇ ಟ್ಯಾಂಕ್ ಮಾರಿಬಿಡಲಾ?

ಉತ್ತರ: ನೀಲಿ ಟ್ಯಾಂಗ್ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಇಡೀ ದಿನ ಈಜುತ್ತದೆ. ನಾಲ್ಕು ಅಡಿ ಅದಕ್ಕೆ ಸಾಲದು. ಮಗಳಿಗೆ ರಾಯಲ್ ಗ್ರಾಮಾ ತೋರಿಸಿ, ಅರ್ಧ ನೇರಳೆ ಅರ್ಧ ಹಳದಿ, ಖಂಡಿತ ಇಷ್ಟವಾಗುತ್ತದೆ. ಮೊದಲ ಎರಡು ತಿಂಗಳು ಹೊಸ ಮೀನು ಯಾವುದೂ ಬೇಡ. ಆಮೇಲೂ ಒಂದೊಂದೇ. ಬ್ಯಾಕ್ಟೀರಿಯಾ ಇರುವುದು ಈಗಿನ ಮೀನುಗಳ ಲೆಕ್ಕಕ್ಕೆ, ನೀರಿನ ಲೆಕ್ಕಕ್ಕಲ್ಲ.

ಹಳೇ ಟ್ಯಾಂಕ್ ಮಾರಬೇಡಿ. ಬಾಲ್ಕನಿ ಪಕ್ಕದ ಕೋಣೆಯಲ್ಲಿ ಕ್ವಾರಂಟೈನ್ ಟ್ಯಾಂಕ್ ಮಾಡಿ, ಮರಳು ಬೇಡ, ಒಂದೆರಡು ಪಿವಿಸಿ ಪೈಪಿನ ತುಂಡು ಮತ್ತು ಸ್ಪಾಂಜ್ ಫಿಲ್ಟರ್ ಸಾಕು. ಹೊಸ ಮೀನು ಮೊದಲು ಅಲ್ಲಿ ನಾಲ್ಕರಿಂದ ಆರು ವಾರ ಇರಲಿ. ಬಿಳಿ ಚುಕ್ಕೆ ರೋಗ ಬಂದರೆ ತಾಮ್ರದ ಔಷಧಿ ಅಲ್ಲೇ ಕೊಡಬಹುದು, ಹವಳದ ಟ್ಯಾಂಕಿನಲ್ಲಿ ಕೊಡಲಾಗುವುದಿಲ್ಲ. ತಾಮ್ರ ಮುಟ್ಟಿದ ಸ್ಪಾಂಜ್, ಬಲೆ, ಬಕೆಟ್‌ಗೆ ಕೆಂಪು ಟೇಪ್ ಸುತ್ತಿ ಬೇರೆಯೇ ಇಡಿ, ರೀಫ್ ಟ್ಯಾಂಕಿಗೆ ತರಬೇಡಿ.