ಆರೈಕೆ ಕೇಂದ್ರಕ್ಕೇ ಬರುವ ಎಕ್ಸ್‌ರೇ ಯಂತ್ರ: ರೇಡಿಯಾಲಜಿ ವೈದ್ಯೆಯೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಮೈಸೂರು ಮತ್ತು ಮಂಡ್ಯದ ಆರೈಕೆ ಕೇಂದ್ರಗಳಲ್ಲಿ ಹಿರಿಯರನ್ನು ಇರಿಸಿರುವ ಕುಟುಂಬದವರ ಪ್ರಶ್ನೆಗಳಿಗೆ ನಮ್ಮ ಗುಂಪಿನ ರೇಡಿಯಾಲಜಿ ವೈದ್ಯೆಯವರು ಈ ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಕೇಂದ್ರಕ್ಕೇ ಯಂತ್ರ ತಂದು ತೆಗೆಯುವ ಎಕ್ಸ್‌ರೇ, ಸ್ಕ್ಯಾನಿಂಗ್ ಇವುಗಳ ಬಗ್ಗೆ ಮಾತ್ರ ಕೇಳಿ.

ಕುವೆಂಪುನಗರದ ಸದಸ್ಯೆ: ನಮಸ್ಕಾರ ಮೇಡಂ. ನಮ್ಮ ಅತ್ತೆಯವರಿಗೆ ಕೆಮ್ಮು ಬಿಡದ ಕಾರಣ ಮೂರು ತಿಂಗಳಲ್ಲಿ ಎರಡನೆಯ ಬಾರಿ ಹಾಸಿಗೆಯ ಪಕ್ಕದಲ್ಲೇ ಎದೆಯ ಎಕ್ಸ್‌ರೇ ತೆಗೆದಿದ್ದಾರೆ. ಇಷ್ಟು ವಿಕಿರಣ ಈ ವಯಸ್ಸಿನಲ್ಲಿ ಅಪಾಯವಲ್ಲವೇ?

ವೈದ್ಯೆ: ನಮಸ್ಕಾರ. ಎದೆಯ ಒಂದು ಎಕ್ಸ್‌ರೇಯಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 0.1 ಮಿಲಿಸೀವರ್ಟ್ (ವಿಕಿರಣದ ಅಳತೆ), ಅನೇಕ ವೇಳೆ ಅದಕ್ಕೂ ಕಡಿಮೆ. ಯಾವ ಪರೀಕ್ಷೆಯನ್ನೂ ಮಾಡಿಸಿಕೊಳ್ಳದ ಮನುಷ್ಯನಿಗೆ ಮಣ್ಣು, ಗಾಳಿ, ಆಹಾರ, ಆಕಾಶಗಳಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬಂದೇ ಬರುತ್ತದೆ. ಅಂದರೆ ನಿಮ್ಮ ಅತ್ತೆಯವರ ಒಂದು ಎಕ್ಸ್‌ರೇ ಹೆಚ್ಚೆಂದರೆ ಸುಮಾರು ಎರಡು ವಾರಗಳ ಸಹಜ ವಿಕಿರಣಕ್ಕೆ ಸಮ. ನ್ಯುಮೋನಿಯಾ ಪತ್ತೆಯಾಗದೆ ಉಳಿಯುವುದು ಇದಕ್ಕಿಂತ ಎಷ್ಟೋ ದೊಡ್ಡ ಅಪಾಯ.

ಶ್ರೀರಂಗಪಟ್ಟಣದ ಸದಸ್ಯ: ಮೇಡಂ, ನಮ್ಮ ತಂದೆಯವರನ್ನು ಮಲಗಿಸಿಯೇ ತೆಗೆದ ಎಕ್ಸ್‌ರೇ ವರದಿಯಲ್ಲಿ ಹೃದಯದ ನೆರಳು ದೊಡ್ಡದಾಗಿದೆ ಎಂದಿದೆ. ಮನೆಯವರೆಲ್ಲ ಗಾಬರಿಯಾಗಿದ್ದೇವೆ.

ವೈದ್ಯೆ: ಮಲಗಿಸಿ ಮುಂದಿನಿಂದ ತೆಗೆದ ಚಿತ್ರದಲ್ಲಿ ಹೃದಯವು ಇರುವುದಕ್ಕಿಂತ ದೊಡ್ಡದಾಗಿಯೇ ಕಾಣುತ್ತದೆ. ಉಬ್ಬಸ, ಕಾಲು ಊತ ಇದ್ದರೆ ಹೃದಯದ ಸ್ಕ್ಯಾನಿಂಗ್ ಆದ ಎಕೋ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಆ ಒಂದು ಸಾಲಿಗಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಬೋಗಾದಿಯ ಸದಸ್ಯೆ: ಮೇಡಂ, ನನ್ನ ತಾಯಿಗೆ 81 ವರ್ಷ, ಮರೆವಿನ ಕಾಯಿಲೆಯಿದೆ. ಮೊನ್ನೆ ಬೆಳಿಗ್ಗೆ ಬಚ್ಚಲಿನಲ್ಲಿ ಜಾರಿ ಬಿದ್ದರು. ಕೇಂದ್ರದವರು ಯಂತ್ರ ತರಿಸಿ ಸೊಂಟದ ಒಂದು ಎಕ್ಸ್‌ರೇ ತೆಗೆಸಿದರು, ಸಂಜೆಯೇ ಮೊಬೈಲಿಗೆ 'ಮುರಿತ ಕಾಣುವುದಿಲ್ಲ' ಎಂಬ ವರದಿ ಬಂತು. ಆದರೆ ಅಮ್ಮ ಅಂದಿನಿಂದ ಎದ್ದು ನಿಂತಿಲ್ಲ, ಬಲಗಾಲು ಮುಟ್ಟಿದರೆ ಕೂಗುತ್ತಾರೆ. ಒಂದು ವಾರ ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ ಎಂದು ಕೇಂದ್ರದ ಮೇಲ್ವಿಚಾರಕಿ ಹೇಳುತ್ತಿದ್ದಾರೆ. ಕಾಯಬಹುದೇ?

ವೈದ್ಯೆ: ಕಾಯಬಾರದು. ಉಳಿದವರ ಪ್ರಶ್ನೆಗಳನ್ನು ಬದಿಗಿಟ್ಟು ಇದಕ್ಕೆ ಉತ್ತರಿಸುತ್ತೇನೆ.

ಆ ವರದಿಯ ಅರ್ಥ, ತೆಗೆದ ಆ ಒಂದು ಚಿತ್ರದಲ್ಲಿ ಮುರಿತ ಕಾಣಲಿಲ್ಲ ಎಂದಷ್ಟೇ. ಮೂಳೆ ಮುರಿದಿಲ್ಲ ಎಂದಲ್ಲ. ಈ ವಯಸ್ಸಿನಲ್ಲಿ ತೊಡೆಮೂಳೆಯ ಕುತ್ತಿಗೆಯ ಭಾಗ ಟೊಳ್ಳಾಗಿರುತ್ತದೆ, ಬಿರುಕು ಬಿಟ್ಟರೂ ತುಂಡುಗಳು ಸರಿಯದೆ ಅಲ್ಲೇ ಕೂತಿದ್ದರೆ ಆಸ್ಪತ್ರೆಯ ಒಳ್ಳೆಯ ಯಂತ್ರದಲ್ಲಿ ತೆಗೆದ ಎಕ್ಸ್‌ರೇಯಲ್ಲಿಯೂ ಅದು ಕೆಲವೊಮ್ಮೆ ಕಣ್ಣಿಗೆ ಬೀಳುವುದಿಲ್ಲ. ಹೊತ್ತು ತರುವ ಯಂತ್ರದ ಶಕ್ತಿ ಕಡಿಮೆ, ಸೊಂಟವು ದೇಹದ ದಪ್ಪನೆಯ ಭಾಗ, ಮರೆವಿನ ಕಾಯಿಲೆಯವರು 'ಅಲುಗಾಡಬೇಡಿ' ಎಂದರೆ ಸುಮ್ಮನಿರಲಾರರು. ಇಷ್ಟರ ಮೇಲೆ, ಮುಂದಿನಿಂದ ಒಂದು ಮತ್ತು ಪಕ್ಕದಿಂದ ಒಂದು ಎಂದು ಎರಡು ಚಿತ್ರಗಳು ಬೇಕಾದಲ್ಲಿ ಒಂದನ್ನೇ ತೆಗೆದಿದ್ದಾರೆ. ನಾನು ಇಲ್ಲಿಂದ ರೋಗ ನಿರ್ಣಯ ಮಾಡುತ್ತಿಲ್ಲ. ಆದರೆ ಬಿದ್ದ ಮೇಲೆ ಕಾಲೂರಿ ನಿಲ್ಲಲಾರದ ವೃದ್ಧರಿಗೆ ಸೊಂಟದ ಮುರಿತವಿದೆ ಎಂದೇ ತಿಳಿದು ನಡೆದುಕೊಳ್ಳಬೇಕು, ಎಂಆರ್‌ಐ ಅಥವಾ ಸಿಟಿ ಅದನ್ನು ಅಲ್ಲಗಳೆಯುವವರೆಗೆ. ಪೆಟ್ಟಾದ ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಅನುಮಾನವೇ ಬೇಡ. ಹಾಗೆ ಕಾಣದಿದ್ದರೂ ಧೈರ್ಯ ತಂದುಕೊಳ್ಳಬೇಡಿ, ಸರಿಯದ ಮುರಿತದಲ್ಲಿ ಆ ಲಕ್ಷಣ ಇರುವುದಿಲ್ಲ.

ಸೊಂಟದ ಮುರಿತಕ್ಕೆ ಶಸ್ತ್ರಚಿಕಿತ್ಸೆ ಎರಡು ದಿನಗಳೊಳಗೆ ಆಗುವುದು ಒಳ್ಳೆಯದು, ನಿಮ್ಮ ತಾಯಿಯವರಿಗೆ ಆ ಅವಧಿ ಈಗಾಗಲೇ ಮುಗಿಯುತ್ತಿದೆ. ಮಲಗಿದಲ್ಲೇ ಇದ್ದರೆ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಬೆನ್ನಿನ ಹುಣ್ಣು ಒಂದರ ಹಿಂದೊಂದು ಬರುತ್ತವೆ. ಬಿರುಕು ಸರಿದುಬಿಟ್ಟರೆ ಸ್ಕ್ರೂ ಹಾಕಿ ಮುಗಿಸಬಹುದಾಗಿದ್ದ ಶಸ್ತ್ರಚಿಕಿತ್ಸೆ ಕೀಲನ್ನೇ ಬದಲಿಸುವಷ್ಟು ದೊಡ್ಡದಾಗಬಹುದು.

ಈಗಲೇ 108ಕ್ಕೆ ಕರೆ ಮಾಡಿ, ಇಲ್ಲವೇ ಸ್ಟ್ರೆಚರ್ ಇರುವ ಆಂಬ್ಯುಲೆನ್ಸ್ ತರಿಸಿ, ಕಾರಿನಲ್ಲಿ ಕೂರಿಸಬೇಡಿ. ಎರಡು ಕಾಲುಗಳ ನಡುವೆ ದಿಂಬಿಡಿ. ಕೆ.ಆರ್. ಆಸ್ಪತ್ರೆಯಾಗಲಿ, ನಿಮಗೆ ಅನುಕೂಲವಾದ ಬೇರೆ ಆಸ್ಪತ್ರೆಯಾಗಲಿ, ಮೂಳೆ ವೈದ್ಯರೂ ಸಿಟಿ ಅಥವಾ ಎಂಆರ್‌ಐ ಯಂತ್ರವೂ ಇರಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲು ಹೇಳಿ. ಹಳೆಯ ಚಿತ್ರ, ಕನ್ನಡಕ, ಶ್ರವಣಯಂತ್ರ ಕೊಂಡೊಯ್ಯಿರಿ. ಅಮ್ಮನಿಗೆ ಗುರುತಿರುವ ಒಬ್ಬರು ಪಕ್ಕದಲ್ಲೇ ಇರಲಿ, ಹೊಸ ಜಾಗದಲ್ಲಿ ಗೊಂದಲ ಹೆಚ್ಚುತ್ತದೆ.

ಮಳವಳ್ಳಿಯ ಸದಸ್ಯ: ಅಕ್ಕಾ, ಶಸ್ತ್ರಚಿಕಿತ್ಸೆಗೆ ಅವಸರಪಡಬೇಡಿ. ನಮ್ಮ ಇನ್ನೊಂದು ಗುಂಪಿನಲ್ಲಿ ಬಂದದ್ದು: ಮಂಗರವಳ್ಳಿಯನ್ನು ಅರೆದು ಬಿಸಿ ಎಳ್ಳೆಣ್ಣೆಯೊಂದಿಗೆ ಉಜ್ಜಿ ಕಟ್ಟಿದರೆ 21 ದಿನದಲ್ಲಿ ಮೂಳೆ ಕೂಡುತ್ತದೆ. ಎಕ್ಸ್‌ರೇ ವಿಕಿರಣ ಹೊರಹೋಗಲು ತುಳಸಿ ಮತ್ತು ಅರಿಶಿನದ ಕಷಾಯ ಮೂರು ದಿನ ಕುಡಿಸಬೇಕು. ಅನೇಕರಿಗೆ ಗುಣವಾಗಿದೆ.

ವೈದ್ಯೆ: ಉಜ್ಜಬೇಡಿ. ಸೊಂಟದ ಮೂಳೆ ಮುರಿದಿರಬಹುದಾದವರ ಕಾಲನ್ನು ಉಜ್ಜಿದರೆ ಬಿರುಕು ಸರಿಯುತ್ತದೆ. ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವವೇ ಹೋಗಬಹುದು. ಎಕ್ಸ್‌ರೇ ಕಿರಣ ಗುಂಡಿ ಒತ್ತಿದ ಕ್ಷಣದಲ್ಲಿ ಹಾದು ಮುಗಿಯುತ್ತದೆ, ದೇಹದೊಳಗೆ ಉಳಿಯುವುದೇ ಇಲ್ಲ. ಉಳಿಯದಿರುವುದನ್ನು ಯಾವ ಕಷಾಯವೂ ಹೊರಹಾಕಬೇಕಿಲ್ಲ. ನೀವು ನೋಡದ ರೋಗಿಗೆ, ನೀವು ಪರೀಕ್ಷಿಸದ ಮದ್ದನ್ನು ದಯವಿಟ್ಟು ಕಳುಹಿಸಬೇಡಿ.

ಮಳವಳ್ಳಿಯ ಸದಸ್ಯ: ನಮ್ಮ ಹಿರಿಯರೆಲ್ಲ ಕಟ್ಟು ಹಾಕಿಸಿಕೊಂಡೇ ಬದುಕಿದವರು ಮೇಡಂ.

ವೈದ್ಯೆ: ಕೈಮೂಳೆಗೆ ಕಟ್ಟು ಹಾಕಿಸಿಕೊಂಡು ಬದುಕಿದವರ ಕಥೆ ನಮಗೆ ತಿಳಿಯುತ್ತದೆ. ಸೊಂಟ ಮುರಿದು ಹಾಸಿಗೆ ಹಿಡಿದು ಆರು ತಿಂಗಳಲ್ಲಿ ತೀರಿಕೊಂಡವರನ್ನು 'ವಯಸ್ಸಾಗಿತ್ತು' ಎಂದು ಮರೆತುಬಿಡುತ್ತೇವೆ.

ಮಂಡ್ಯದ ಸದಸ್ಯ: ಈ ಸಂಚಾರಿ ಯಂತ್ರ ಕೇಂದ್ರದವರ ಅನುಕೂಲಕ್ಕಾಗಿಯೇ ಹೊರತು ರೋಗಿಗಾಗಿ ಅಲ್ಲ. ಆಸ್ಪತ್ರೆಗೆ ಒಬ್ಬ ಸಹಾಯಕಿಯನ್ನು ಕಳುಹಿಸುವುದು ತಪ್ಪುತ್ತದೆ, 'ಪರೀಕ್ಷೆ ಮಾಡಿಸಿದ್ದೇವೆ' ಎಂಬ ಕಾಗದವೂ ಸಿಗುತ್ತದೆ. ನಮ್ಮ ತಂದೆಗೆ ಎಕ್ಸ್‌ರೇ ತೆಗೆಸಿದ ವಿಷಯ ನಮಗೆ ತಿಳಿದದ್ದು ತಿಂಗಳ ಬಿಲ್ಲಿನಲ್ಲಿ.

ಸರಸ್ವತಿಪುರಂನ ಸದಸ್ಯೆ: ನೀವು ಹೀಗೆ ಎಲ್ಲವನ್ನೂ ಒಟ್ಟಿಗೆ ದೂರಬಾರದು. ಪಾರ್ಶ್ವವಾಯುವಾಗಿ ಮಲಗಿರುವ ನಮ್ಮ ಮಾವನವರನ್ನು ಹಿಂದೆ ಎದೆಯ ಎಕ್ಸ್‌ರೇಗೆಂದು ಆಸ್ಪತ್ರೆಗೆ ಕರೆದೊಯ್ದಾಗ, ಮೊಗಸಾಲೆಯ ಸ್ಟ್ರೆಚರ್ ಮೇಲೆ ಮಧ್ಯಾಹ್ನದವರೆಗೆ ಕಾದು, ಮರಳಿದ ಮೇಲೆ ಎರಡು ರಾತ್ರಿ ನನ್ನನ್ನೇ ಗುರುತಿಸಲಿಲ್ಲ. ಈಗ ಅವರ ಹಾಸಿಗೆಯ ಪಕ್ಕದಲ್ಲೇ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಮಂಡ್ಯದ ಸದಸ್ಯ: ನಿಮಗೆ ಅನುಕೂಲವಾಯಿತೆಂದರೆ ಎಲ್ಲರಿಗೂ ಒಳಿತಾಯಿತೇ? ಬೋಗಾದಿಯವರ ತಾಯಿಯ ಸ್ಥಿತಿಯನ್ನು ಓದಿದಿರಾ?

ಸರಸ್ವತಿಪುರಂನ ಸದಸ್ಯೆ: ಓದಿದ್ದೇನೆ. ದಿನವೂ ಹೋಗಿ ಊಟ ಮಾಡಿಸುವವಳಿಗೆ ಆ ಹತ್ತು ನಿಮಿಷದ ಬೆಲೆ ಗೊತ್ತಿದೆ. ಬಿಲ್ ಬಂದಾಗ ಮಾತ್ರ ತಂದೆಯ ನೆನಪಾಗುವವರಿಂದ ನಾನು ಕಲಿಯಬೇಕಾದ್ದಿಲ್ಲ.

ಅಡ್ಮಿನ್: ವೈಯಕ್ತಿಕ ಮಾತು ಬೇಡ.

ಪಾಂಡವಪುರದ ಸದಸ್ಯ: ಮೇಡಂ, 70 ವರ್ಷ ದಾಟಿದವರ ಆಯುಷ್ಮಾನ್ ಕಾರ್ಡಿನಲ್ಲಿ ಕೇಂದ್ರಕ್ಕೆ ಬಂದು ತೆಗೆಯುವ ಎಕ್ಸ್‌ರೇಯ ಹಣ ಸಿಗುತ್ತದೆಯೇ?

ಮದ್ದೂರಿನ ಸದಸ್ಯೆ: ತಾಯಿಯ ಹೊಟ್ಟೆನೋವಿಗೆ ಕೇಂದ್ರಕ್ಕೇ ಸ್ಕ್ಯಾನಿಂಗ್ ಯಂತ್ರ ತರಿಸಬಹುದೇ? ಎಕ್ಸ್‌ರೇ ಬರುವುದಾದರೆ ಅದೇಕೆ ಬರುವುದಿಲ್ಲ ಎಂದು ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡುತ್ತಿಲ್ಲ.

ವೈದ್ಯೆ: ಕೇಳಬೇಕಾದ ಪ್ರಶ್ನೆ. ಎಕ್ಸ್‌ರೇ ಯಂತ್ರ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಗೆ ಒಳಪಟ್ಟದ್ದು. ನೀವು ಕೇಳಿದ ಸ್ಕ್ಯಾನಿಂಗ್, ಅಂದರೆ ವಿಕಿರಣವೇ ಇಲ್ಲದ ಅಲ್ಟ್ರಾಸೌಂಡ್‌ಗೆ ಇರುವ ನಿರ್ಬಂಧ ಬೇರೆ: ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆ. 2012ರಲ್ಲಿ ಸೇರಿಸಿದ ನಿಯಮದ ಪ್ರಕಾರ ಹೊತ್ತೊಯ್ಯಬಲ್ಲ ಸ್ಕ್ಯಾನಿಂಗ್ ಯಂತ್ರವನ್ನು ಅದು ನೋಂದಣಿಯಾದ ಆವರಣದೊಳಗೆ ಒಳರೋಗಿಗಳಿಗೆ, ಇಲ್ಲವೇ ಇತರ ಆರೋಗ್ಯ ಸೇವೆಗಳನ್ನೂ ಕೊಡುವ ನೋಂದಾಯಿತ ಸಂಚಾರಿ ಘಟಕದ ಭಾಗವಾಗಿ ಮಾತ್ರ ಬಳಸಬಹುದು. ನಿಮ್ಮ ತಾಯಿಯವರಿಗೂ ಆ ಕಾಯಿದೆಗೂ ಏನು ಸಂಬಂಧ ಎಂದು ಅನ್ನಿಸಬಹುದು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದದ್ದು ಬಯಲಾದದ್ದನ್ನು ನಾವೆಲ್ಲ ಓದಿದ್ದೇವೆ. ಯಂತ್ರ ಊರೂರು ಅಲೆಯಬಾರದು ಎಂಬ ನಿಯಮದ ಹಿಂದೆ ಹುಟ್ಟದೆ ಹೋದ ಹೆಣ್ಣುಮಕ್ಕಳಿದ್ದಾರೆ. ತಾಯಿಯವರನ್ನು ನೋಂದಾಯಿತ ಸ್ಕ್ಯಾನಿಂಗ್ ಕೇಂದ್ರಕ್ಕೇ ಕರೆದೊಯ್ಯಿರಿ. 'ಹೇಗೋ ತರುತ್ತೇವೆ' ಎನ್ನುವವರನ್ನು ನಂಬಬೇಡಿ.

ವಿಜಯನಗರದ ಸದಸ್ಯ: ಪದೇ ಪದೇ ಎಕ್ಸ್‌ರೇ ತೆಗೆದರೆ ವಿಕಿರಣದ ಅಪಾಯವಿಲ್ಲವೇ ಮೇಡಂ?

ವೈದ್ಯೆ: ಮೊದಲ ಉತ್ತರವನ್ನು ಓದಿ.

ವಿಜಯನಗರದ ಸದಸ್ಯ: ಓದಿದ್ದೇನೆ. ಅದು ರೋಗಿಗೆ. ಅದೇ ಕೋಣೆಯ ಪಕ್ಕದ ಹಾಸಿಗೆಯಲ್ಲಿರುವವರ ಗತಿಯೇನು?

ವೈದ್ಯೆ: ಸರಿ, ಅದು ಬೇರೆ ಪ್ರಶ್ನೆ. ಕಿರಣದ ಮುಖ ಅವರ ಕಡೆಗಿರಬಾರದು, ಕನಿಷ್ಠ ಎರಡು ಮೀಟರ್ ದೂರವಿರಬೇಕು. ದೂರ ಎರಡರಷ್ಟಾದರೆ ವಿಕಿರಣ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ರೋಗಿಯನ್ನು ಹಿಡಿದುಕೊಳ್ಳುವವರಿಗೆ ಸೀಸದ ಏಪ್ರನ್ ಕೊಡಲೇಬೇಕು, ಗರ್ಭಿಣಿಯರು ಹಿಡಿಯಕೂಡದು. ಏಪ್ರನ್ ಇಲ್ಲದೆ ಬಂದ ತಂತ್ರಜ್ಞರನ್ನು ವಾಪಸ್ ಕಳುಹಿಸಿ.

ಟಿ. ನರಸೀಪುರದ ಸದಸ್ಯೆ: ಸಕ್ಕರೆ ಕಾಯಿಲೆಯಿಂದಾದ ಕಾಲಿನ ಗಾಯ ಮೂಳೆಗೆ ಇಳಿದಿದೆಯೇ ಎಂದು ಈ ಯಂತ್ರದಲ್ಲಿ ತಿಳಿಯುತ್ತದೆಯೇ ಮೇಡಂ?

ಮಳವಳ್ಳಿಯ ಸದಸ್ಯ: ಗಾಯಕ್ಕೆ ಬೇವಿನ ಎಲೆಯ ಬಗ್ಗೆ ಒಂದು ವಿಡಿಯೊ ಇದೆ, ಕಳುಹಿಸುತ್ತೇನೆ.

ವೈದ್ಯೆ: ಅಡ್ಮಿನ್ ಅವರೇ, ಇನ್ನೊಂದು ಮದ್ದು ಇಲ್ಲಿಗೆ ಬಂದರೆ ನಾನು ಉತ್ತರಿಸುವುದನ್ನು ನಿಲ್ಲಿಸುತ್ತೇನೆ.

ಬೋಗಾದಿಯ ಸದಸ್ಯೆ: ಮೇಡಂ, ಆಸ್ಪತ್ರೆಯಲ್ಲಿದ್ದೇವೆ. ಸಿಟಿಯಲ್ಲಿ ತೊಡೆಮೂಳೆಯ ಕುತ್ತಿಗೆಯಲ್ಲಿ ಬಿರುಕು ಕಂಡಿದೆ, ಸರಿದಿಲ್ಲವಂತೆ. ನಾಳೆ ಬೆಳಿಗ್ಗೆ ಸ್ಕ್ರೂ ಹಾಕುತ್ತಾರೆ.

ಮಂಡ್ಯದ ಸದಸ್ಯ: ನಾನು ಹೇಳಿದ್ದು ಇದನ್ನೇ. ಆ ಯಂತ್ರವನ್ನು ಕೇಂದ್ರದ ಒಳಗೇ ಬಿಡಬಾರದು.

ಸರಸ್ವತಿಪುರಂನ ಸದಸ್ಯೆ: ಇನ್ನೊಬ್ಬರ ಕಷ್ಟದಲ್ಲಿ ನಿಮ್ಮ ವಾದ ಗೆಲ್ಲಿಸಿಕೊಳ್ಳಬೇಡಿ.

ವೈದ್ಯೆ: ಇಬ್ಬರೂ ನಿಲ್ಲಿಸಿ. ಮಲಗಿರುವವರ ಎದೆಯನ್ನು ನೋಡಲು, ಕೈಕಾಲಿನ ಮುರಿತ ನೋಡಲು ಆ ಯಂತ್ರ ಉಪಕಾರಿಯೇ. ಆದರೆ ಕಾಲೂರಲಾರದ ರೋಗಿಯನ್ನು ಪರೀಕ್ಷಿಸದೆ, ವರದಿಯ ಒಂದು ಸಾಲು ನೋಡಿ ವಾರದ ವಿಶ್ರಾಂತಿ ಹೇಳಿದ್ದು ತಪ್ಪು, ಮತ್ತು ಕುಟುಂಬಕ್ಕೆ ತಿಳಿಸದೆ ಎಕ್ಸ್‌ರೇ ತೆಗೆಸಿದ್ದೂ ತಪ್ಪು. ಯಾವ ವೈದ್ಯರು ಬರೆದುಕೊಟ್ಟರು, ಚಿತ್ರವನ್ನು ಓದಿದವರು ಯಾರು, ವರದಿಯ ನಂತರ ರೋಗಿಯನ್ನು ಮತ್ತೆ ನೋಡಿದವರು ಯಾರು ಎಂದು ನಿಮ್ಮ ನಿಮ್ಮ ಕೇಂದ್ರಗಳಲ್ಲಿ ನಾಳೆಯೇ ಕೇಳಿ.

ಬೋಗಾದಿಯವರೇ, ಶಸ್ತ್ರಚಿಕಿತ್ಸೆಯ ಮರುದಿನವೇ ಅಮ್ಮನನ್ನು ಕೂರಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಮರೆವಿನ ಕಾಯಿಲೆಯವರು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನೋವಿನ ಔಷಧವನ್ನು ಹೊತ್ತಿಗೆ ಸರಿಯಾಗಿ ಕೊಡಿಸಿ. ಮನೆಗೆ ಕಳುಹಿಸುವ ಮುನ್ನ ಮೂಳೆ ಗಟ್ಟಿಯಾಗುವ ಚಿಕಿತ್ಸೆಯನ್ನು ಬರೆಸಿಕೊಳ್ಳಿ, ಅದನ್ನು ಬಹಳ ಕಡೆ ಮರೆಯುತ್ತಾರೆ.