ರಸ್ತೆ ತಿರುವಿನ ಕಸದ ರಾಶಿ: ಮೂರು ಸಲ ಎತ್ತಿದರೂ ಮತ್ತೆ ಬೆಳೆಯುತ್ತಿದೆ, ಏನು ಮಾಡೋದು?

ಒಂಟಿಮರ:
ನಮ್ಮ ಹಳ್ಳಿಗೆ ಬರುವ ದಾರಿಯಲ್ಲಿ ಒಂದು ತಿರುವು ಇದೆ. ರಸ್ತೆ ಬದಿ ಅಲ್ಲಿ ಸ್ವಲ್ಪ ಅಗಲ, ಸುತ್ತ ಮರಗಳು, ಹತ್ತಿರದಲ್ಲಿ ಮನೆಯಿಲ್ಲ. ಎರಡು ವರ್ಷದ ಹಿಂದೆ ಯಾರೋ ಒಂದು ಹಳೇ ಹಾಸಿಗೆ ಬಿಸಾಕಿ ಹೋದರು. ಯಾರೂ ಎತ್ತಲಿಲ್ಲ. ತಿಂಗಳೊಳಗೆ ಅದರ ಪಕ್ಕ ಪ್ಲಾಸ್ಟಿಕ್ ಚೀಲಗಳು ಬಂದವು, ಆಮೇಲೆ ಒಡೆದ ಕಮೋಡು, ಇಟ್ಟಿಗೆ ಚೂರು, ಈಗ ಟೈರುಗಳೂ ಬಂದಿವೆ. ನಾವು ಹತ್ತು ಹನ್ನೆರಡು ಜನ ಸೇರಿ ಮೂರು ಸಲ ಎಲ್ಲ ಎತ್ತಿ ಸಾಗಿಸಿದ್ದೇವೆ. "ಇಲ್ಲಿ ಕಸ ಹಾಕಬಾರದು" ಅಂತ ಬೋರ್ಡನ್ನೂ ಹಾಕಿದೆವು. ಮರುವಾರ ನೋಡಿದರೆ ಆ ಬೋರ್ಡಿನ ಕಂಬಕ್ಕೇ ಒಂದು ಕಸದ ಚೀಲ ನೇತು ಹಾಕಿದ್ದರು! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಾಲ್ಕನೇ ಸಲಕ್ಕೆ ಜನ ಬರುವುದು ಕಷ್ಟ, ಎಲ್ಲರಿಗೂ ಬೇಜಾರಾಗಿದೆ. ನಿಮ್ಮ ಕಡೆ ಯಾರಾದರೂ ಇದನ್ನು ನಿಜವಾಗಿ ನಿಲ್ಲಿಸಿದ್ದೀರಾ?

ಕಟುಮಾತು:
ಕ್ಯಾಮೆರಾ ಹಾಕಿ, ದಂಡ ಹಾಕಿಸಿ. ನಾಲ್ಕು ಜನ ಸಿಕ್ಕಿಬಿದ್ದರೆ ಉಳಿದವರು ತಾನಾಗಿ ಸರಿಹೋಗುತ್ತಾರೆ. ಒಳ್ಳೆ ಮಾತಲ್ಲಿ ಹೇಳಿದ್ದು ಸಾಕು.

ನಿಧಾನಗಾಡಿ:
ದಂಡ ಬೇಡ ಅಂತ ನಾನು ಹೇಳಲ್ಲ, ಆದರೆ ಬರೀ ಕ್ಯಾಮೆರಾ ಹಾಕಿದರೆ ಕಸ ಮುಂದಿನ ತಿರುವಿಗೆ ಹೋಗುತ್ತದೆ, ಅಷ್ಟೇ. ನಮ್ಮಲ್ಲಿ ಹಾಗೇ ಆಯಿತು. ಅರ್ಧ ಕಿಲೋಮೀಟರ್ ಆಚೆ ಹೊಸ ರಾಶಿ.

ಒಂಟಿಮರ ಅವರೇ, ಮೊದಲು ಒಂದು ಕೆಲಸ ಮಾಡಿ. ಎತ್ತುವ ಮುಂಚೆ ರಾಶಿಯನ್ನು ಸುಮ್ನೆ ಅರ್ಧ ಗಂಟೆ ನೋಡಿ, ಫೋಟೋ ತೆಗೆಯಿರಿ, ಏನೇನು ಎಷ್ಟೆಷ್ಟಿದೆ ಅಂತ ಬರೆದುಕೊಳ್ಳಿ. ಗಂಟು ಕಟ್ಟಿದ ಚಿಕ್ಕ ಚೀಲಗಳು ಜಾಸ್ತಿ ಇದ್ದರೆ ಅದು ಮನೆಗಳ ಕಸ. ಅಂದರೆ ಕಸದ ಗಾಡಿ ಕೆಲವು ಮನೆಗಳಿಗೆ ಬರುತ್ತಿಲ್ಲ, ಅಥವಾ ಜನ ಕೆಲಸಕ್ಕೆ ಹೋದ ಮೇಲೆ ಬರುತ್ತಿದೆ. ಇಟ್ಟಿಗೆ, ಟೈಲ್ಸು, ಸಿಮೆಂಟು ಚೀಲ ಇದ್ದರೆ ಅದು ಕಟ್ಟಡ ಕೆಲಸದವರು ಗಾಡಿಯಲ್ಲಿ ತಂದು ಸುರಿದದ್ದು, ಅವರಿಗೆ ನಿಮ್ಮ ಊರೇ ಗೊತ್ತಿರಲಿಕ್ಕಿಲ್ಲ. ಹಾಸಿಗೆ, ಸೋಫಾ, ಹಳೇ ಟೀವಿ ಇದ್ದರೆ ಅದು ಬೇರೆ ಕಥೆ. ಅಂಥದ್ದನ್ನು ಎಲ್ಲಿ ಕೊಡಬೇಕು ಅಂತ ಯಾರಿಗೂ ಗೊತ್ತಿಲ್ಲ, ಕಸದ ಗಾಡಿಯವರು ಮುಟ್ಟಲ್ಲ, ಮನೆಯಲ್ಲಿ ಇಡಲು ಜಾಗ ಇಲ್ಲ, ಕೊನೆಗೆ ಒಂದು ರಾತ್ರಿ ತಿರುವಿಗೆ ಬರುತ್ತದೆ. ಮೂರಕ್ಕೂ ಒಂದೇ ಬೋರ್ಡು ಹಾಕಿದರೆ ಹೇಗೆ ನಡೆಯುತ್ತೆ ಹೇಳಿ?

ಇನ್ನೊಂದು ವಿಷಯ. ಕಸ ಕಸವನ್ನು ಕರೆಯುತ್ತದೆ ಅನ್ನುವುದು ಬರೀ ಮಾತಲ್ಲ. 2008ರಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ಊರಿನಲ್ಲಿ ಮಾಡಿದ ಒಂದು ಪ್ರಯೋಗ ಪ್ರಕಟವಾಯಿತು. ನಿಲ್ಲಿಸಿದ ಸೈಕಲ್ಲುಗಳ ಹ್ಯಾಂಡಲಿಗೆ ಒಂದೊಂದು ಚೀಟಿ ಸಿಕ್ಕಿಸಿದ್ದರು. ಪಕ್ಕದ ಗೋಡೆ ಚೊಕ್ಕವಾಗಿದ್ದಾಗ ನೂರಕ್ಕೆ 33 ಜನ ಚೀಟಿಯನ್ನು ಅಲ್ಲೇ ಬಿಸಾಕಿದರು. ಅದೇ ಗೋಡೆ ಮೇಲೆ ಗೀಚಿದ್ದಾಗ 69 ಜನ. ಅಲ್ಲಿ "ಗೀಚಬಾರದು" ಅನ್ನುವ ಬೋರ್ಡು ಬೇರೆ ಇತ್ತು! ಅಂದರೆ ಬೋರ್ಡು ಒಂದು ಹೇಳುತ್ತಿದೆ, ಜಾಗ ಇನ್ನೊಂದು ಹೇಳುತ್ತಿದೆ, ಜನ ಜಾಗದ ಮಾತು ಕೇಳುತ್ತಾರೆ. ನಿಮ್ಮ ತಿರುವಿನಲ್ಲಿ ಮೊದಲ ಹಾಸಿಗೆಯನ್ನು ಎರಡು ದಿನದಲ್ಲಿ ಎತ್ತಿದ್ದರೆ ಟೈರಿನವರೆಗೆ ಬರುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಮಣ್ಣುಹುಳ:
ಎತ್ತುವವರಿಗೆ ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ದಪ್ಪ ಗ್ಲೌಸು ಮತ್ತು ಗಟ್ಟಿ ಶೂ ಇಲ್ಲದೆ ಮುಟ್ಟಬೇಡಿ, ಸೂಜಿ ಗಾಜು ಏನು ಬೇಕಾದರೂ ಇರಬಹುದು. ಕಲ್ನಾರಿನ ಹಳೇ ಶೀಟು ಕಂಡರೆ ಮುರಿಯಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಹುದು. ಅದನ್ನು ತಿಳಿದವರಿಗೇ ಬಿಡಿ. ಟ್ಯೂಬ್‌ಲೈಟ್ ಒಡೆಯಬೇಡಿ, ಒಳಗೆ ಪಾದರಸ ಇರುತ್ತದೆ. ಹಳ್ಳಿ ಅಂದ ಮೇಲೆ ಕೀಟನಾಶಕದ ಡಬ್ಬಗಳು ಇದ್ದೇ ಇರುತ್ತವೆ. ಅವು ಬೇಲಿ ಸಂದಿಗೆ, ಹಳ್ಳಕ್ಕೆ ಬರದ ಹಾಗೆ ಮಾಡುವುದು ಹೊಲದಲ್ಲೇ ಶುರುವಾಗಬೇಕು. ಖಾಲಿಯಾದ ತಕ್ಷಣ ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಿ, ಮತ್ತೆ ಯಾರೂ ನೀರು ತುಂಬಿಸಿಕೊಳ್ಳದ ಹಾಗೆ ತೂತು ಮಾಡಿ ಬೇರೆಯಾಗಿ ಇಡಬೇಕು.

ಟೈರುಗಳನ್ನು ಮೊದಲು ಸಾಗಿಸಿ. ಮಳೆ ನೀರು ನಿಂತರೆ ಡೆಂಗ್ಯೂ ಹರಡುವ ಸೊಳ್ಳೆ ಅದರಲ್ಲಿ ಮೊಟ್ಟೆ ಇಡುತ್ತದೆ, ಬಿಸಿಲ ಕಾಲದಲ್ಲಿ ವಾರ ಹತ್ತು ದಿನದಲ್ಲಿ ಹಾರಲು ರೆಡಿ. ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಅಂಟಿಕೊಂಡಿರುತ್ತದೆ, ಮುಂದಿನ ಮಳೆಗೆ ಮತ್ತೆ ಶುರು.

ಮತ್ತೆ ದಯವಿಟ್ಟು "ಬೆಂಕಿ ಹಾಕಿಬಿಡೋಣ" ಅನ್ನಬೇಡಿ. ಪಿವಿಸಿ ಪೈಪು, ವೈರಿನ ಹೊದಿಕೆ ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಬರುತ್ತದೆ. ಅದು ಮೇವಿನ ಮೇಲೆ ಕೂತು ಹಾಲಿನ ಕೊಬ್ಬಿನಲ್ಲಿ ಸೇರಿ ಮನುಷ್ಯರಿಗೇ ವಾಪಸ್ ಬರುತ್ತದೆ.

ಕಟುಮಾತು:
ಸರಿ ಸ್ವಾಮಿ, ಸುಡಬಾರದು, ಕ್ಯಾಮೆರಾ ಸಾಲದು. ಹಾಗಾದರೆ ಕಸ ಎಲ್ಲಿಗೆ ಹೋಗಬೇಕು? ದೊಡ್ಡ ತೊಟ್ಟಿ ಇಟ್ಟರೆ ಆಗಲ್ವಾ?

ನಿಧಾನಗಾಡಿ:
ತೊಟ್ಟಿ ಇಡುವ ಮೊದಲು ಅದನ್ನು ಯಾವ ವಾರ ಯಾರು ಖಾಲಿ ಮಾಡುತ್ತಾರೆ ಅಂತ ಬರೆದು ತೋರಿಸಿ. ತುಂಬಿ ಚೆಲ್ಲಿದ ತೊಟ್ಟಿ ಅಂದರೆ ಅಧಿಕೃತ ಕಸದ ರಾಶಿ ಅಷ್ಟೇ, ನಾಯಿಗಳು ಎಳೆದಾಡುತ್ತವೆ, ದನ ಪ್ಲಾಸ್ಟಿಕ್ ತಿನ್ನುತ್ತವೆ.

ಜಪಾನಿನ ಕಾಮಿಕತ್ಸು ಅನ್ನುವ ಬೆಟ್ಟದ ಊರಿನ ಬಗ್ಗೆ ಓದಿ. ಜನಸಂಖ್ಯೆ 1,500ಕ್ಕಿಂತ ಕಡಿಮೆ, ವಯಸ್ಸಾದವರೇ ಜಾಸ್ತಿ. ಮೊದಲು ಅವರೂ ಬಯಲಲ್ಲಿ ಸುಡುತ್ತಿದ್ದರು. 2003ರಲ್ಲಿ ಕಸವೇ ಇಲ್ಲದ ಊರು ಮಾಡುತ್ತೇವೆ ಅಂತ ಘೋಷಿಸಿದರು. ಅಲ್ಲಿ ಮನೆ ಮನೆಗೆ ಕಸದ ಗಾಡಿ ಹೋಗುವುದಿಲ್ಲ. ಅಡುಗೆಮನೆ ಕಸ ಮನೆಯಲ್ಲೇ ಗೊಬ್ಬರ, ಉಳಿದದ್ದನ್ನು ಜನರೇ ಒಂದು ಕೇಂದ್ರಕ್ಕೆ ತಂದು ನಲವತ್ತಕ್ಕೂ ಹೆಚ್ಚು ಬಗೆಯಾಗಿ ಬೇರೆ ಮಾಡುತ್ತಾರೆ. ನೂರಕ್ಕೆ ಸುಮಾರು 80 ಭಾಗ ಮರುಬಳಕೆಗೆ ಹೋಗುತ್ತದೆ. ನಲವತ್ತು ಬಗೆ ಅಂದಾಗ ನನಗೂ ತಲೆ ತಿರುಗಿತು, ಅದನ್ನು ನಕಲು ಮಾಡಿ ಅನ್ನುತ್ತಿಲ್ಲ. ನನಗೆ ಹಿಡಿಸಿದ್ದು ಬೇರೆ. ಇನ್ನೂ ಚೆನ್ನಾಗಿರುವ ವಸ್ತುವನ್ನು ಬಿಟ್ಟು ಹೋಗಲು ಅಲ್ಲೊಂದು ಅಂಗಡಿ ಇದೆ, ಬೇಕಾದವರು ಪುಕ್ಕಟೆ ಒಯ್ಯಬಹುದು. ಕಸ ತಂದು ಕೊಡುವುದು ಅವಮಾನದ ಕೆಲಸ ಅಲ್ಲ ಅಲ್ಲಿ.

ನಮ್ಮಲ್ಲಿ ನಡೆದದ್ದು ಇದಕ್ಕಿಂತ ಚಿಕ್ಕದು. ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ದೊಡ್ಡ ಸಾಮಾನಿನ ದಿನ. ಬಾಡಿಗೆ ಗಾಡಿ ಒಂದೇ ಜಾಗದಲ್ಲಿ ನಿಲ್ಲುತ್ತದೆ, ಗುಜರಿಯವರಿಗೂ ಹೇಳಿರುತ್ತೇವೆ, ಕಬ್ಬಿಣ ತಾಮ್ರ ಅವರು ತೆಗೆದುಕೊಳ್ಳುತ್ತಾರೆ. ಹೆಸರು ಕೇಳಲ್ಲ, ಯಾಕೆ ಇಷ್ಟು ದಿನ ಇಟ್ಟಿದ್ದಿರಿ ಅಂತ ಬೈಯಲ್ಲ. ಎರಡನೇ ಸಲಕ್ಕೆ ರಸ್ತೆ ಬದಿ ಹಾಸಿಗೆಗಳು ನಿಂತವು. ಕಟ್ಟಡದ ಚೂರು ಮಾತ್ರ ನಿಲ್ಲಲಿಲ್ಲ, ಅದಕ್ಕೆ ಜಾಗವನ್ನೇ ಮುಚ್ಚಬೇಕಾಯಿತು. ಗಾಡಿ ನಿಲ್ಲಲು ಜಾಗ ಇಲ್ಲದಿದ್ದರೆ ಯಾರೂ ಹೊತ್ತು ಬಂದು ಸುರಿಯುವುದಿಲ್ಲ.

ಒಂಟಿಮರ:
ಇವತ್ತು ಹೋಗಿ ನೋಡಿ ಬಂದೆ. ಎಣಿಸಿದ್ದು ಹೀಗಿದೆ: ಚಿಕ್ಕ ಚೀಲ 60ಕ್ಕೂ ಜಾಸ್ತಿ, ಟೈರು 9, ಇಟ್ಟಿಗೆ ಸಿಮೆಂಟು ಒಂದೂವರೆ ಗಾಡಿ. ಚೀಲಗಳ ವಿಷಯ ಕೇಳಿದರೆ ನಾಚಿಕೆಯಾಗುತ್ತೆ. ಕಸದ ಗಾಡಿ ಬೆಳಿಗ್ಗೆ ಎಂಟೂವರೆಗೆ ಬರುತ್ತದೆ, ಕೆಳಗಿನ ಬೀದಿಯವರೆಲ್ಲ ಏಳಕ್ಕೇ ಕೆಲಸಕ್ಕೆ ಹೋಗಿರುತ್ತಾರೆ. ಎರಡು ವರ್ಷದಿಂದ ನಾವು ಹೊರಗಿನವರನ್ನು ಬೈಯುತ್ತಿದ್ದೆವು. ಗಾಡಿಯ ಸಮಯ ಬದಲಿಸಲು ನಾಳೆ ಕೇಳುತ್ತೇನೆ. ತಿರುವಿಗೆ ದೊಡ್ಡ ಕಲ್ಲು ಇಡೋಣ ಅಂತ ಮಾತಾಯಿತು. ಎಷ್ಟು ದೂರಕ್ಕೊಂದು ಇಡಬೇಕು?

ನಿಧಾನಗಾಡಿ:
ನಡುವೆ ಗಾಡಿ, ಆಟೋ ನುಗ್ಗದಷ್ಟು, ಒಂದು ಮೀಟರ್ ಸಂದಿ ಸಾಕು. ರಸ್ತೆ ಅಂಚಿನಿಂದ ಸ್ವಲ್ಪ ಒಳಗೆ ಇಡಿ, ರಾತ್ರಿ ಕಾಣುವ ಹಾಗೆ ಬಿಳಿ ಬಣ್ಣ ಬಳಿಯಿರಿ, ಮಳೆ ನೀರು ಹರಿಯುವ ದಾರಿ ಮುಚ್ಚಬೇಡಿ. ರಸ್ತೆ ಯಾರದ್ದೋ ಅವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಆದರೆ ಮೊದಲು ಟೈರು ಸಾಗಿಸಿ, ಮೋಡ ಆಗಿದೆ.