ಬಿದ್ದವರನ್ನು ಕಂಡರೂ ಯಾರೂ ಯಾಕೆ ಮುಂದೆ ಬರುವುದಿಲ್ಲ?

ಮಂಡಿಪೇಟೆಯವಳು (ಪ್ರಶ್ನೆ):
ಮೊನ್ನೆ ಸಂಜೆ ಜಯದೇವ ಸರ್ಕಲ್ ಹತ್ತಿರ ಬಿಳಿ ಪಂಚೆಯ ಯಜಮಾನರೊಬ್ಬರು ಓಲಾಡುತ್ತಾ ಬಂದು ಫುಟ್‌ಪಾತ್ ಮೇಲೆ ಕುಸಿದು ಕೂತರು. ಸುತ್ತ ಜನ ಇದ್ದರು. ಆಟೋಗೆ ಕಾಯುವವರು, ಗಾಡಿ ಮುಂದೆ ಮಂಡಕ್ಕಿ ಮಿರ್ಚಿ ತಿನ್ನುವವರು. ಎಲ್ಲರೂ ಒಮ್ಮೆ ಅವರನ್ನು ನೋಡಿದರು, ಆಮೇಲೆ ಪಕ್ಕದವರ ಮುಖ ನೋಡಿದರು. ಅಷ್ಟೇ. "ಕುಡಿದಿರಬೇಕು ಬಿಡು" ಅಂತ ಒಬ್ಬ ಅಂದ. ಹತ್ತಿರ ಹೊರಟಿದ್ದ ಇಬ್ಬರು ಹುಡುಗರೂ ಅಲ್ಲೇ ನಿಂತುಬಿಟ್ಟರು.

ನಾನು ರಸ್ತೆ ದಾಟುವಷ್ಟರಲ್ಲಿ ಹೂ ಮಾರುವ ಅಮ್ಮ ಬುಟ್ಟಿ ಬಿಟ್ಟು ಎದ್ದು ಬಂದಿದ್ದರು. ಹೆಂಡದ ವಾಸನೆಯೇ ಇಲ್ಲ. ಅಂಗಿ ಬೆವರಿಗೆ ತೊಯ್ದಿತ್ತು, ಕೈ ನಡುಗುತ್ತಿತ್ತು, ಜೇಬಲ್ಲಿ ಶುಗರ್ ಮಾತ್ರೆ. "ಕುಡಿದಿಲ್ಲಪ್ಪಾ, ಹುಷಾರಿಲ್ಲ ಇವರಿಗೆ" ಅಂತ ಆ ಅಮ್ಮ ಕೂಗಿದ್ದೇ ತಡ, ಒಬ್ಬ ನೀರು ತಂದ, ಇನ್ನೊಬ್ಬ ಆಟೋ ನಿಲ್ಲಿಸಿದ. ಸುಮ್ನೆ ನಿಂತಿದ್ದವರೇ! ಇಷ್ಟು ಒಳ್ಳೆಯ ಜನ ಮೊದಲೇ ಯಾಕೆ ಬರಲಿಲ್ಲ? ನನಗೆ ನಿದ್ದೆ ಬರುತ್ತಿಲ್ಲ.

ವಿದ್ಯಾನಗರ ಮೇಷ್ಟ್ರು:
ನೀವೇ ಅರ್ಧ ಉತ್ತರ ಕೊಟ್ಟಿದ್ದೀರಿ ತಾಯಿ. ಅವರು ಪಕ್ಕದವರ ಮುಖ ನೋಡಿದರು. ಏನಾಗಿದೆ ಅಂತ ಗೊತ್ತಾಗದಾಗ ನಾವೆಲ್ಲ ಹಾಗೇ ಮಾಡುತ್ತೇವೆ. ಪಕ್ಕದವನೂ ನಮ್ಮ ಮುಖ ನೋಡಿ, "ಇವರು ಆರಾಮಾಗಿದ್ದಾರೆ, ಅಂಥದ್ದೇನಿಲ್ಲ" ಅಂದುಕೊಳ್ಳುತ್ತಾನೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲಟಾನೆ ಮತ್ತು ಡಾರ್ಲಿ 1968ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ವಿದ್ಯಾರ್ಥಿಗಳು ಕೋಣೆಯಲ್ಲಿ ಫಾರಂ ತುಂಬುತ್ತಿದ್ದಾಗ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದವರಲ್ಲಿ 100ಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗದವರಂತೆ ನಟಿಸುವ ಇಬ್ಬರನ್ನು ಜೊತೆಗೆ ಕೂರಿಸಿದಾಗ 100ಕ್ಕೆ 10 ಮಾತ್ರ! ಉಳಿದವರು ಕೆಮ್ಮುತ್ತಾ, ಕಣ್ಣುಜ್ಜಿಕೊಳ್ಳುತ್ತಾ ಬರೆಯುತ್ತಲೇ ಇದ್ದರು. ಆಮೇಲೆ ಕೇಳಿದರೆ, ಆವಿ ಇರಬಹುದು, ಏಸಿಯದ್ದಿರಬಹುದು ಅಂದರು. ಬೆಂಕಿ ಅಂತ ಅವರಿಗೆ ಅನ್ನಿಸಲೇ ಇಲ್ಲ. ಅದಕ್ಕೇ ಏಳಲಿಲ್ಲ.

ನರ್ಸಕ್ಕ:
ಮೇಷ್ಟ್ರ ಮಾತು ಸರಿ. "ಕುಡಿದಿರಬೇಕು" ಅನ್ನುವುದರ ಬಗ್ಗೆ ನಾನು ಒಂದು ಹೇಳಲೇಬೇಕು. ಶುಗರ್ ಇಳಿದಾಗ ನೋಡುವುದಕ್ಕೆ ಥೇಟ್ ಕುಡಿದವರ ಹಾಗೇ ಇರುತ್ತಾರೆ. ಮಾತು ತೊದಲುತ್ತದೆ, ಕಾಲು ನಿಲ್ಲುವುದಿಲ್ಲ, ಕೆಲವರು ರೇಗುತ್ತಾರೆ. ಎಚ್ಚರವಿದ್ದು ನುಂಗುವ ಹಾಗಿದ್ದರೆ ಸಕ್ಕರೆ ನೀರು ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. "ಯಾರಾದರೂ ಬನ್ನಿ" ಅಂತ ಕೂಗಿದರೆ ಯಾರೂ ಬರಲ್ಲ. "ನೀಲಿ ಅಂಗಿ ಅಣ್ಣಾ, ನೀವು ಫೋನ್ ಮಾಡಿ" ಅಂತ ಒಬ್ಬರನ್ನೇ ಹಿಡಿದು ಹೇಳಿ.

ಹರಿಹರದ ಡ್ರೈವರ್:
ಮುಖ ನೋಡುವುದು ಇರಲಿ, ನಮಗಿರುವುದು ಕೇಸಿನ ಭಯ. ಆ್ಯಕ್ಸಿಡೆಂಟ್ ಆದವರನ್ನು ಆಸ್ಪತ್ರೆಗೆ ಸೇರಿಸಿದರೆ ಸ್ಟೇಷನ್ನಿಗೆ ಅಲೆದಾಟ ಅಂತ ನಮ್ಮ ಸ್ಟ್ಯಾಂಡಿನಲ್ಲಿ ಈಗಲೂ ಹೇಳುತ್ತಾರೆ.

ವಿದ್ಯಾನಗರ ಮೇಷ್ಟ್ರು:
ಅಣ್ಣಾ, ಆ ಭಯ ಹಳೆಯದು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಸೇರಿದೆ. ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಅದು ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಕೊಡಲೇಬೇಕು ಅಂತ ಪೊಲೀಸರು ಒತ್ತಾಯಿಸುವಂತಿಲ್ಲ. ನಿಮ್ಮ ಸ್ಟ್ಯಾಂಡಿನವರಿಗೂ ಹೇಳಿ.

ಮಂಡಿಪೇಟೆಯವಳು:
ಎಲ್ಲರಿಗೂ ಥ್ಯಾಂಕ್ಸ್. ನರ್ಸಕ್ಕಾ, ಸಕ್ಕರೆ ನೀರು ಎಷ್ಟು ಕೊಡಬೇಕು ಅಂತಲೂ ಬರೆಯಿರಿ. ನಮ್ಮ ಅಂಗಡಿ ಹುಡುಗರಿಗೆ ಓದಿ ಹೇಳುತ್ತೇನೆ.